ಪಂಜರದ ಇಲಿ ಮತ್ತು ಕುಬ್ಜ ಲಾಡಿಹುಳು

ಎರಡು ಕೋಣೆಗಳ ನಗರದ ಮನೆಯಲ್ಲಿ ನಾಯಿಯನ್ನು ಸಾಕುವುದು ಅಸಾಧ್ಯವೆಂದು, ಮಕ್ಕಳ ಹಟಕ್ಕೆ ಮಣಿದ ತಂದೆತಾಯಿಯರು ಬಿಳಿ ಇಲಿಯನ್ನೋ ಹ್ಯಾಮ್‌ಸ್ಟರನ್ನೋ ಕೊಂಡು ತರುವುದುಂಟು. ಗಣಪತಿಯ ವಾಹನವೆಂದು ಅಜ್ಜಿಯರೂ ಆಕ್ಷೇಪಿಸುವುದಿಲ್ಲ. ಈ ಪ್ರಾಣಿಗಳ ಕರುಳಿನಲ್ಲಿ ವಾಸಿಸುವ ಪರೋಪಜೀವಿಗಳಲ್ಲಿ ಒಂದನ್ನು ಗೃಹಸ್ಥರು ಅವಶ್ಯವಾಗಿ ತಿಳಿದಿರಬೇಕು. ಅದು ಕುಬ್ಜ ಲಾಡಿಹುಳು; ಶಾಸ್ತ್ರೀಯ ನಾಮ ‘ಹೈಮೆನೊಲೆಪಿಸ್ ನಾನಾ’.

ಲಾಡಿಹುಳು ಎಂದೊಡನೆ ಗಜಗಟ್ಟಲೆ ಉದ್ದದ ಹುಳು ನೆನಪಾಗುತ್ತದೆ. ಇದರ ಉದ್ದ ಸುಮಾರು 4 ಸೆಂಟಿಮೀಟರಿನೊಳಗೆ. ಆದರೆ ಜೀವನಕ್ರಮ ವಿಲಕ್ಷಣವಾದುದು. ಇಲಿಗಳ ಇನ್ನೊಂದು ಲಾಡಿಹುಳುವಾದ ‘ಹೈಮೆನೊಲೆಪಿಸ್ ಡಿಮಿನ್ಯೂಟಾ’ ನಮ್ಮನ್ನು ಸೇರಬೇಕಾದರೆ, ಅದರ ಮೊಟ್ಟೆಯನ್ನು ತಿಂದ ಹಿಟ್ಟಿನ ಹುಳುವಿನಂತಹ ಕೀಟವನ್ನು ನಾವು ಅರಿಯದೆ ನುಂಗಬೇಕು. ಕುಬ್ಜ ಲಾಡಿಹುಳುವಿಗೆ ಇಂತಹ ಮಧ್ಯವರ್ತಿ ಅನಿವಾರ್ಯವಲ್ಲ. ಹಿಕ್ಕೆಯೊಡನೆ ಹೊರಬಿದ್ದ ಮೊಟ್ಟೆ ಆ ಕ್ಷಣದಿಂದಲೇ ಸೋಂಕು ತಗುಲಿಸಲು ಸಮರ್ಥವಾಗಿರುತ್ತದೆ. ಪಂಜರದ ಹೊಟ್ಟನ್ನು ಕೆದಕಿದ ಮಗು ಕೈ ತೊಳೆಯದೆ ಚಕ್ಕುಲಿಯನ್ನು ಎತ್ತಿಕೊಂಡರೆ ಸಾಕು. ಮೊಟ್ಟೆಯೊಡೆದು ಬಂದ ಮರಿ ಸಣ್ಣ ಕರುಳಿನ ಗೋಡೆಯನ್ನು ಹೊಕ್ಕು, ಕೆಲವು ದಿನ ಬೆಳೆದು, ಮರಳಿ ಕರುಳಿನೊಳಕ್ಕೆ ಬಂದು ನೆಲೆಯೂರುತ್ತದೆ. ಪ್ರೌಢ ಹುಳುವಿನ ಆಯುಷ್ಯ 4ರಿಂದ 6 ವಾರಗಳಷ್ಟೆ. ಹಾಗಿದ್ದರೂ ಸೋಂಕು ವರ್ಷಗಟ್ಟಲೆ ಉಳಿಯುವುದೇಕೆ? ಕೆಲವು ಮೊಟ್ಟೆಗಳು ಹೊರಗೆ ಬಾರದೆ ಕರುಳಿನಲ್ಲಿಯೇ ಒಡೆದು ಹೊಸ ಪೀಳಿಗೆಯನ್ನು ಆರಂಭಿಸುತ್ತವೆ. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಇದು ಚಕ್ರಬಡ್ಡಿ!

ಹುಳುಗಳು ಕೆಲವೇ ಇದ್ದರೆ ಲಕ್ಷಣಗಳು ತೋರದೆ ಇರಬಹುದು. ಹೆಚ್ಚಾದಾಗ ಹೊಟ್ಟೆನೋವು, ಭೇದಿ, ಅರುಚಿ, ತಲೆನೋವು ಕಾಣಿಸಿಕೊಳ್ಳುತ್ತವೆ. ಮಲಪರೀಕ್ಷೆಯಲ್ಲಿ ಮೊಟ್ಟೆಗಳು ಪತ್ತೆಯಾಗುತ್ತವೆ. ಒಮ್ಮೆಗೆ ಸಿಗದಿದ್ದರೆ ಬೇರೆ ದಿನ ಪುನಃ ಮಾಡಿಸಬೇಕು. 2015ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆಗಳಲ್ಲಿ ಕೊಡುವ ಆಲ್ಬೆಂಡಜೋಲ್ ಮಾತ್ರೆ ದುಂಡುಹುಳು, ಚಾವಟಿಹುಳು, ಕೊಕ್ಕೆಹುಳುಗಳಿಗಾಗಿ ಉದ್ದೇಶಿಸಿದ್ದು. ಈ ಹುಳುವಿಗೂ ಅದೇ ಸಾಕೆಂದು ನೆಮ್ಮದಿಯಿಂದ ಕೂರುವಂತಿಲ್ಲ. ಇದಕ್ಕೆ ಮುಖ್ಯ ಔಷಧ ಪ್ರಾಜಿಕ್ವಾಂಟೆಲ್; ಪ್ರಮಾಣವನ್ನು ತೂಕ ನೋಡಿ ವೈದ್ಯರೇ ನಿರ್ಧರಿಸಬೇಕು.

ಎಲ್ಲ ಅಪರಾಧವನ್ನೂ ಇಲಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಈ ಹುಳು ಬಹುಮಟ್ಟಿಗೆ ಮನುಷ್ಯನಿಂದ ಮನುಷ್ಯನಿಗೇ ಹರಡುತ್ತದೆ. ಮಕ್ಕಳಿಗೆ ರಾತ್ರಿ ಗುದದ ತುರಿಕೆ ತರುವ ಸೂಜಿಹುಳುವಿನಲ್ಲಂತೂ ಸಾಕುಪ್ರಾಣಿಗಳ ಪಾಲಿಲ್ಲ. ಆದುದರಿಂದ ಒಬ್ಬರಲ್ಲಿ ಸೋಂಕು ಕಂಡಾಗ ಮನೆಯವರೆಲ್ಲರ ಪರೀಕ್ಷೆಯೂ ಆಗಲಿ; ಪ್ರಾಣಿಯ ಹಿಕ್ಕೆಯನ್ನು ಪಶುವೈದ್ಯರಿಗೆ ಒಪ್ಪಿಸಿ. ಮೊಟ್ಟೆಗಳು ಒಣಹವೆಯನ್ನು ತಾಳಲಾರವು. ಹೊರಗೆ 10 ದಿನಗಳಿಗಿಂತ ಹೆಚ್ಚು ಬದುಕವು. ಹೊಟ್ಟನ್ನು ದೊಡ್ಡವರೇ ಬದಲಿಸಿ, ಪಂಜರವನ್ನು ಬಿಸಿನೀರಿನಿಂದ ತೊಳೆದು ಚೆನ್ನಾಗಿ ಒಣಗಿಸಬೇಕು. ಸ್ಥಳಾಭಾವದ ನೆಪದಿಂದ ಅದನ್ನು ಪಾತ್ರೆ ತೊಳೆಯುವ ಮೋರಿಯಲ್ಲಿಯೇ ತೊಳೆಯುವುದನ್ನು ಕೆಲವು ಮನೆಗಳಲ್ಲಿ ಕಂಡಿದ್ದೇನೆ. ಅದು ಮಾತ್ರ ಕೂಡದು.