‘ಹಿಯರ್’ ಮತ್ತು ‘ಲಿಸನ್’: ಎಂಟನೇ ತರಗತಿಯ ಒಂದು ಅವಧಿ

ನನ್ನ ಬೋಧನಾ ವಿಷಯಗಳು ಭೌತವಿಜ್ಞಾನ ಮತ್ತು ಗಣಿತ. ಬೋಧನಾಭ್ಯಾಸದ ಶಾಲೆಯಲ್ಲಿ ಇಂಗ್ಲಿಷ್ ಶಿಕ್ಷಕರು ರಜೆಯಲ್ಲಿದ್ದುದರಿಂದ ಎಂಟನೇ ತರಗತಿಗೆ ಆ ದಿನ ನಾನೇ ಹೋಗಬೇಕಾಯಿತು. ‘ಹಿಯರ್’ ಮತ್ತು ‘ಲಿಸನ್’ ಕ್ರಿಯಾಪದಗಳ ವ್ಯತ್ಯಾಸಕ್ಕೆ ಪಾಠ ಯೋಜನೆ ಬರೆದಿದ್ದೆ. ಕಪ್ಪುಹಲಗೆಯ ಮೇಲೆ ಎರಡನ್ನೂ ಬರೆದು, ಎರಡರ ಮುಂದೆಯೂ ‘ಕೇಳು’ ಎಂದು ಅರ್ಥ ಕೊಟ್ಟೆ. ತಪ್ಪಿದ್ದು ಅಲ್ಲೇ.

“ಹಾಗಾದ್ರೆ ಎರಡೂ ಒಂದೇ ಅಲ್ವಾ ಮಿಸ್?” ಎಂದರು ಮಕ್ಕಳು. ‘ಆಸ್ಕ್’ ಅಂದರೂ ‘ಕೇಳು’ ಎಂದೇ ಎಂದು ಒಬ್ಬ ಸೇರಿಸಿದ. ಅವನು ಹೇಳಿದ್ದು ಸರಿಯೇ. ಉತ್ತರಕ್ಕೆ ತಡಕಾಡುತ್ತಿದ್ದ ನನಗೆ, ಹಿಂದಿನ ಬೆಂಚಿನ ಹುಡುಗಿ ಪಕ್ಕದವಳ ನೋಟ್ಸು ಇಣುಕಿ ನೋಡುತ್ತಿದ್ದುದು ಕಂಡಿತು. “ಪಾಠ ಕೇಳ್ತಾ ಇಲ್ವಾ?” ಎಂದು ಗದರಿದೆ. ಅವಳು ಎದ್ದು ನಿಂತು, “ಕೇಳ್ತಾ ಇದೀನಿ ಮಿಸ್, ಕೇಳಿಸ್ತಾ ಇಲ್ಲ” ಎಂದಳು.

ನಾನು ಹುಡುಕುತ್ತಿದ್ದ ವ್ಯತ್ಯಾಸ ಅವಳ ಮಾತಿನಲ್ಲೇ ಇತ್ತು. ಶಬ್ದ ತಾನಾಗಿ ಕಿವಿಗೆ ಬಿದ್ದರೆ ‘ಹಿಯರ್’, ಅಂದರೆ ಕೇಳಿಸುವುದು. ಮನಸ್ಸಿಟ್ಟು ಕಿವಿಗೊಟ್ಟರೆ ‘ಲಿಸನ್’. ‘ನನಗೆ ಗಂಟೆ ಕೇಳಿಸಿತು’, ‘ನಾನು ಹಾಡು ಕೇಳಿದೆ’ ಎಂಬ ಎರಡು ವಾಕ್ಯ ಬರೆದೆ. ‘ನನಗೆ’ ಬಂದಲ್ಲಿ ‘ಹಿಯರ್’, ‘ನಾನು’ ಬಂದಲ್ಲಿ ‘ಲಿಸನ್’ ಎಂದು ಮಕ್ಕಳೇ ಸೂತ್ರ ಕಟ್ಟಿದರು. ಸೂತ್ರ ಎಲ್ಲ ಕಡೆ ನಿಲ್ಲುವುದಿಲ್ಲ: ‘ನಾನು ಆ ಸುದ್ದಿ ಕೇಳಿದೆ’ ಎಂಬುದು ಇಂಗ್ಲಿಷಿನಲ್ಲಿ ‘ಐ ಹರ್ಡ್ ದಟ್ ನ್ಯೂಸ್’. ಮೊದಲ ದಿನಕ್ಕೆ ಅಷ್ಟು ಸಾಕೆನಿಸಿ ಅದನ್ನು ಎತ್ತಲಿಲ್ಲ.

ಬಳಕೆಯಲ್ಲಿ ಎರಡು ಕಡೆ ಎಡವುತ್ತೇವೆ. ಏನನ್ನು ಕೇಳುತ್ತೇವೆಂದು ಹೇಳುವಾಗ ‘ಲಿಸನ್’ ಆದಮೇಲೆ ‘ಟು’ ಬೇಕು: ‘ಲಿಸನ್ ಟು ಮಿ’. ‘ಲಿಸನ್ ಮಿ’ ತಪ್ಪು. ‘ಹಿಯರ್’ಗೆ ಅದು ಬೇಡ. ಇನ್ನೊಂದು, ಫೋನಿನಲ್ಲಿ ನಾನೇ ಎಷ್ಟೋ ಸಲ ಹೇಳಿರುವ ‘ಐ ಆಮ್ ನಾಟ್ ಹಿಯರಿಂಗ್ ಯು’. ‘ಕೇಳಿಸ್ತಾ ಇಲ್ಲ’ ಎಂಬುದನ್ನು ಹಾಗೇ ಇಂಗ್ಲಿಷಿಗೆ ಎತ್ತಿಟ್ಟದ್ದು ಅದು. ಅಲ್ಲಿ ‘ಐ ಕಾಂಟ್ ಹಿಯರ್ ಯು’ ಎನ್ನಬೇಕು. ‘ಲಿಸನ್’ಗೆ ಈ ತೊಡಕಿಲ್ಲ, ‘ಐ ಆಮ್ ಲಿಸನಿಂಗ್’ ಸರಿಯಾದ ಇಂಗ್ಲಿಷೇ.

ಕೊನೆಯ ಐದು ನಿಮಿಷ ಎಲ್ಲರಿಗೂ ಕಣ್ಣು ಮುಚ್ಚಿಸಿದೆ. ಬಸ್ಸಿನ ಹಾರನ್, ಕಾಗೆ, ಅಡುಗೆಮನೆಯ ಪಾತ್ರೆ ಸದ್ದು ‘ಹಿಯರ್’ ಪಟ್ಟಿಗೆ ಹೋದವು. ಹಿಂದಿನ ಬೆಂಚಿನ ಹುಡುಗಿ ಬರೆದದ್ದು ಹಾರನ್ ಒಂದನ್ನೇ.

ಅವಧಿ ಮುಗಿದ ಮೇಲೆ ಅವಳಲ್ಲಿ ಕ್ಷಮೆ ಕೇಳಿ, ತರಗತಿ ಶಿಕ್ಷಕಿಗೆ ವಿಷಯ ತಿಳಿಸಿದೆ. ಈಗ ಅವಳು ಮೊದಲ ಬೆಂಚಿನಲ್ಲಿದ್ದಾಳೆ. ಕಿವಿ ಪರೀಕ್ಷೆಗೆ ಕರೆದೊಯ್ಯಲು ಮನೆಯವರಿಗೆ ಹೇಳಿ ಕಳುಹಿಸಿದ್ದಾರೆ.