ಟಾರ್ಚಿನ ಓ-ರಿಂಗ್: ಯಾವ ರಬ್ಬರ್, ಯಾವ ಗ್ರೀಸ್?

ಮಳೆಗಾಲದಲ್ಲಿ ಟಾರ್ಚು ಕೈಕೊಟ್ಟರೆ ನಾವು ಮೊದಲು ಬೈಯುವುದು ಬ್ಯಾಟರಿಯನ್ನು. ಹಿಂದಿನ ಮುಚ್ಚಳ ತಿರುಗಿಸಿ ತೆಗೆದು ನೋಡಿ. ಒಳಗೆ ನೀರಿನ ಪಸೆ, ಸ್ಪ್ರಿಂಗಿಗೆ ಕಿಲುಬು ಕಂಡರೆ ಥ್ರೆಡ್ ಪಕ್ಕದ ಗಾಡಿಯಲ್ಲಿ, ಅಂದರೆ ಸುತ್ತಲಿನ ತೋಡಿನಲ್ಲಿ, ಕೂತಿರುವ ಕಪ್ಪು ರಬ್ಬರ್ ರಿಂಗಿನ ಮೇಲೇ ಮೊದಲ ಅನುಮಾನ. ಅದನ್ನು ಬದಲಾಯಿಸಲು ಮೆಕ್ಯಾನಿಕ್ ಬೇಕಿಲ್ಲ. ಆದರೆ ಸಿಕ್ಕಿದ ರಬ್ಬರಿಗೆ ಸಿಕ್ಕಿದ ಗ್ರೀಸ್ ಬಳಿದರೆ ಹೊಸ ರಿಂಗೂ ಹಾಳಾಗುತ್ತದೆ.

ಹಂತ 1: ಜಾಗ ನೋಡಿ

ಒಂದೇ ಲಿಥಿಯಂ ಸೆಲ್ ಹಾಕುವ ಸಾಮಾನ್ಯ ಎಲ್‌ಇಡಿ ಟಾರ್ಚಿನಲ್ಲಿ ಮುಖ್ಯವಾಗಿ ಎರಡು ಕಡೆ ರಿಂಗ್ ಇರುತ್ತದೆ: ಹಿಂದಿನ ಮುಚ್ಚಳದಲ್ಲಿ, ಮುಂದೆ ಗಾಜಿನ ಅಂಚಿನಲ್ಲಿ. ಗಾಜಿನದು ಒಮ್ಮೆ ಒತ್ತಿ ಕೂತರೆ ಅಲ್ಲಾಡುವುದಿಲ್ಲ. ಮುಚ್ಚಳದ್ದು ಸೆಲ್ ತೆಗೆದಾಗಲೆಲ್ಲ ಲೋಹಕ್ಕೆ ಉಜ್ಜಿಕೊಳ್ಳುತ್ತದೆ. ಎರಡಕ್ಕೂ ಒಂದೇ ರಬ್ಬರ್ ಆಗಬೇಕೆಂದಿಲ್ಲ.

ಹಂತ 2: ಗಾಡಿಯನ್ನು ಅಳೆಯಿರಿ

ಹಳೆಯ ರಿಂಗ್ ವರ್ಷಗಟ್ಟಲೆ ಒತ್ತಿಸಿಕೊಂಡು ಚಪ್ಪಟೆಯಾಗಿರುತ್ತದೆ, ಅದರ ಅಳತೆ ನಂಬಬೇಡಿ. ತೆಗೆಯುವಾಗ ಪಿನ್ನು, ಚಾಕು ಹಾಕಿದರೆ ಗಾಡಿಗೆ ಗೀರು ಬೀಳುತ್ತದೆ, ನೀರಿಗೆ ಆ ಗೀರೇ ದಾರಿ. ಎರಡು ಬೆರಳಿನಿಂದ ರಿಂಗನ್ನು ಒಂದೆಡೆಗೆ ತಳ್ಳಿದರೆ ಸಣ್ಣ ಕುಣಿಕೆಯಂತೆ ಮೇಲೇಳುತ್ತದೆ. ಹಲ್ಲುಕಡ್ಡಿ ತೂರಿಸಿ ಎತ್ತಿ. ಗಾಡಿಯ ತಳದ ವ್ಯಾಸ 20.5 ಮಿ.ಮೀ. ಇದ್ದರೆ ಒಳವ್ಯಾಸ 20 ಇರುವ ರಿಂಗ್ ಸರಿ, ತುಸು ಹಿಗ್ಗಿ ಬಿಗಿಯಾಗಿ ಕೂರುತ್ತದೆ. ದಪ್ಪ ಹೇಗಿರಬೇಕೆಂದರೆ, ಕೂತ ಮೇಲೆ ಗಾಡಿಯಿಂದ ಚೂರೇ ಚೂರು ಮೇಲೆ ಕಾಣಬೇಕು.

ಹಂತ 3: ರಬ್ಬರ್ ಆರಿಸಿ

ಮುಚ್ಚಳಕ್ಕೆ ನೈಟ್ರೈಲ್. ಅಂಗಡಿಯವರು ಎನ್‌ಬಿಆರ್ ಎನ್ನುತ್ತಾರೆ. ಅಗ್ಗ, ಉಜ್ಜಾಟ ತಡೆಯುತ್ತದೆ, ಪೆಟ್ರೋಲಿಯಂ ಎಣ್ಣೆಗೆ ಹೆದರುವುದಿಲ್ಲ, ಸುಮಾರು 100 ಡಿಗ್ರಿ ಸೆಲ್ಸಿಯಸ್ ಶಾಖಕ್ಕೂ ಜಗ್ಗುವುದಿಲ್ಲ. ಬಿಸಿಲಿಗೂ ಓಝೋನಿಗೂ ಮಾತ್ರ ಇದು ಬಿರುಕು ಬಿಡುತ್ತದೆ. ಆದರೆ ಮುಚ್ಚಳದೊಳಗೆ ಅವಿತಿರುವ ರಿಂಗಿಗೆ ಬಿಸಿಲೆಲ್ಲಿ?

ವೈಟಾನ್ ಎಂದು ಕರೆಯುವ ದುಬಾರಿ ರಬ್ಬರ್ 200 ಡಿಗ್ರಿವರೆಗೂ ನಡೆಯುತ್ತದೆ. ಅಷ್ಟು ಬಿಸಿಯಾಗುವ ಮೊದಲೇ ನೀವು ಟಾರ್ಚನ್ನು ಕೈಯಿಂದ ಬಿಸಾಡಿರುತ್ತೀರಿ. ಇಲ್ಲಿ ಅದಕ್ಕೆ ದುಡ್ಡು ಸುರಿಯುವುದು ದಂಡ ಎಂದೇ ನನ್ನ ಅಭಿಪ್ರಾಯ. ಮೇಲಾಗಿ ಸಾಧಾರಣ ವೈಟಾನ್ ಕಡುಚಳಿಗೆ ಬಿರುಸಾಗುತ್ತದೆ, ಲಡಾಖ್ ಚಾರಣಕ್ಕಂತೂ ಬೇಡ. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆಯ ರಾಕೆಟ್ ಜೋಡಣೆಯಲ್ಲಿ ಚಳಿಗೆ ಬಿರುಸಾಗಿ ಕೈಕೊಟ್ಟಿದ್ದೂ ಇದೇ ಜಾತಿಯ ಓ-ರಿಂಗ್.

ಗಾಜಿನ ಅಂಚಿಗೆ ಸಿಲಿಕೋನ್ ಆಗಬಹುದು. ಮೆತ್ತಗಿರುತ್ತದೆ, ಚಳಿ-ಬಿಸಿ ಎರಡನ್ನೂ ತಾಳುತ್ತದೆ. ಕತ್ತಲಲ್ಲಿ ಮಿನುಗುವ ಹಸಿರು ರಿಂಗುಗಳೂ ಹೆಚ್ಚಾಗಿ ಇದರವೇ. ಆದರೆ ಬೇಗ ಹರಿಯುತ್ತದೆ, ತಿರುಗುವ ಮುಚ್ಚಳಕ್ಕೆ ಹಾಕಬೇಡಿ. ಇಪಿಡಿಎಂ ಎಂಬ ಇನ್ನೊಂದು ರಬ್ಬರ್ ಮಳೆ, ಬಿಸಿಲು, ಬಿಸಿನೀರಿಗೆ ಜಗ್ಗದ ಗಟ್ಟಿ ಆಸಾಮಿ. ಪೆಟ್ರೋಲಿಯಂ ಎಣ್ಣೆ ತಾಗಿತೋ, ಊದಿಕೊಳ್ಳುತ್ತದೆ.

ಅಂಗಡಿಯಲ್ಲಿ ಹೀಗೆ ಕೇಳಿ: “ಎನ್‌ಬಿಆರ್, 70 ಶೋರ್, ಒಳವ್ಯಾಸ 20, ದಪ್ಪ 1 ಎಂಎಂ.” ಶೋರ್ ಎಂದರೆ ಗಡಸುತನದ ಅಳತೆ. ಟಾರ್ಚಿಗಿಂತ ಆಯಿಲ್ ಸೀಲ್, ಬೇರಿಂಗ್ ಮಾರುವ ಅಂಗಡಿಯಲ್ಲಿ ಇದು ಸುಲಭವಾಗಿ ಸಿಗುತ್ತದೆ.

ಹಂತ 4: ಗ್ರೀಸಿನ ಜೋಡಿ

ಹೊಸಬರು ಎಡವುವುದು ಇಲ್ಲೇ. ನೈಟ್ರೈಲಿಗೂ ಇಪಿಡಿಎಂಗೂ ಸಿಲಿಕೋನ್ ಗ್ರೀಸ್ ಒಗ್ಗುತ್ತದೆ. ಅದೇ ಗ್ರೀಸನ್ನು ಸಿಲಿಕೋನ್ ರಿಂಗಿಗೆ ಬಳಿದರೆ ರಿಂಗ್ ಅದನ್ನು ಹೀರಿಕೊಂಡು ಉಬ್ಬಿ, ಗಾಡಿಯಿಂದ ಎದ್ದು ನಿಲ್ಲುತ್ತದೆ. ಗಾಜಿನ ಅಂಚಿನದನ್ನು ಗ್ರೀಸ್ ಹಚ್ಚದೆ ಹಾಗೇ ಬಿಡಿ. ವ್ಯಾಸಲೀನ್ ನೈಟ್ರೈಲಿಗೆ ನಡೆಯುತ್ತದೆ, ಇಪಿಡಿಎಂಗೆ ವಿಷ. ಕೊಬ್ಬರಿ ಎಣ್ಣೆಯ ಉಸಾಬರಿ ಬೇಡ: ಚಳಿಗೆ ಹೆಪ್ಪುಗಟ್ಟುತ್ತದೆ, ದಿನ ಕಳೆದಂತೆ ಕಮಟುತ್ತದೆ. ಇನ್ನೊಂದು ಮಾತು. ಹಾರ್ಡ್‌ವೇರ್ ಅಂಗಡಿಯವರು ಸಿಲಿಕೋನ್ ಎಂದು ಕೊಡುವ ಟ್ಯೂಬು ಬಹುಪಾಲು ಸೀಲಂಟ್, ಗ್ರೀಸ್ ಅಲ್ಲ. ಅದನ್ನು ಹಚ್ಚಿದರೆ ಒಣಗಿ ಮುಚ್ಚಳವೇ ಅಂಟಿಕೊಳ್ಳುತ್ತದೆ.

ಹಂತ 5: ಅನುಮಾನವಿದ್ದರೆ ಸೀಮೆಎಣ್ಣೆ

ಬಣ್ಣ ನೋಡಿ ರಬ್ಬರ್ ಗುರುತಿಸಲಾಗದು. ನೈಟ್ರೈಲ್, ಇಪಿಡಿಎಂ, ವೈಟಾನ್ ಮೂರೂ ಕಪ್ಪಗಿರಬಹುದು. ಒಂದೇ ಪೊಟ್ಟಣದ ಎರಡು ರಿಂಗ್ ತೆಗೆದುಕೊಂಡು ಒಂದನ್ನು ಸೀಮೆಎಣ್ಣೆಯಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಒರೆಸಿ ಇನ್ನೊಂದರ ಮೇಲಿಡಿ. ಎದ್ದು ಕಾಣುವಂತೆ ಊದಿದ್ದರೆ ಅದು ನೈಟ್ರೈಲ್ ಅಲ್ಲ. ನೆನೆಸಿದ್ದನ್ನು ಮತ್ತೆ ಬಳಸಬೇಡಿ.

ಹಂತ 6: ಕೂರಿಸಿ, ಮುಳುಗಿಸಿ

ಥ್ರೆಡ್ಡಿನ ಕಪ್ಪು ಕೊಳೆ, ಮರಳನ್ನು ಬಟ್ಟೆಯಿಂದ ಪೂರಾ ಒರೆಸಿ. ಬೆರಳ ತುದಿಗೆ ಅಕ್ಕಿಕಾಳಿನಷ್ಟು ಗ್ರೀಸ್ ತೆಗೆದುಕೊಂಡು ರಿಂಗ್ ಮಿರುಗುವಷ್ಟು ಮಾತ್ರ ಸವರಿ, ತಿರುಚಿಕೊಳ್ಳದಂತೆ ಕೂರಿಸಿ. ಸೆಲ್ ಹೊರಗಿಡಿ, ಅದರ ಜಾಗದಲ್ಲಿ ಟಿಶ್ಯೂ ಪೇಪರ್ ತುರುಕಿ, ಮುಚ್ಚಳ ಬಿಗಿ ಮಾಡಿ. ಟಾರ್ಚಿನ ಮೇಲೆ ಐಪಿಎಕ್ಸ್7 ಎಂದಿದ್ದರೆ ಅದು 1 ಮೀಟರ್ ನೀರಿನಲ್ಲಿ 30 ನಿಮಿಷದ ಲೆಕ್ಕ. ಮನೆಯ ಬಕೆಟ್ಟಿನಲ್ಲಿ ಅರ್ಧ ಗಂಟೆ ಮುಳುಗಿಸಿ ನೋಡಿದರೆ ಮಳೆಗೆ ಸಾಕು. ಹೊರಮೈ ಚೆನ್ನಾಗಿ ಒರೆಸಿದ ಮೇಲೆಯೇ ಬಿಚ್ಚಿ. ರಿಂಗಿನ ಸುತ್ತ ಒಣಗಿದ್ದು, ಬಟನ್ ಕಡೆಯ ಪೇಪರ್ ಮಾತ್ರ ಒದ್ದೆಯಾಗಿದ್ದರೆ ಓ-ರಿಂಗಿನ ತಪ್ಪಿಲ್ಲ. ಬಟನ್ ಮೇಲಿನ ರಬ್ಬರ್ ಟೋಪಿ ಸೀಳಿರುತ್ತದೆ, ಅದನ್ನು ಬದಲಾಯಿಸಿ.