ಗಣಿಯ ಆಳದಲ್ಲಿ ಮೂರು ರಾಷ್ಟ್ರಗಳು

ಸೃಷ್ಟಿಯ ಮೂಲಕಣಗಳ ಶೋಧನೆ ಇಂದು ಒಂದೇ ರಾಷ್ಟ್ರದಿಂದ ಆಗತಕ್ಕ ಕಾರ್ಯವಲ್ಲ. ಹಲವು ರಾಷ್ಟ್ರಗಳು ಕೂಡಿದಾಗ ಪ್ರತಿಯೊಂದರ ಪಾಲೇನು? ಬಡ ದೇಶವೊಂದು ಸ್ಥಳವನ್ನಷ್ಟೇ ಕೊಟ್ಟು ಪಕ್ಕಕ್ಕೆ ಸರಿಯಬೇಕೆ? ಕಲಾವಿಭಾಗದ ವಿದ್ಯಾರ್ಥಿಯಾದ ನನಗೆ ಈ ಪ್ರಶ್ನೆಯ ಉತ್ತರ ದೊರೆತದ್ದು ನಮ್ಮ ನಾಡಿನ ಕೋಲಾರದ ಚಿನ್ನದ ಗಣಿಯ ವೃತ್ತಾಂತದಲ್ಲಿ.

ನ್ಯೂಟ್ರಿನೋ ಎಂಬುದು ವಿದ್ಯುದಂಶವಿಲ್ಲದ ಅತಿ ಸೂಕ್ಷ್ಮ ಕಣ. ವಿಶ್ವಕಿರಣಗಳು ವಾಯುಮಂಡಲವನ್ನು ತಾಕಿದಾಗಲೂ ಇದು ಹುಟ್ಟುತ್ತದೆ. ಭೂಮಿಯನ್ನೇ ತೂರಿ ಹೋಗುತ್ತದೆ. ಅಪರೂಪಕ್ಕೊಮ್ಮೆ ಬಂಡೆಯಲ್ಲಿ ತಾಗಿ ಮ್ಯುಆನ್ ಎಂಬ ಕಣವನ್ನು ಹೊರಡಿಸಿದರೆ ಸುಳಿವು ಸಿಕ್ಕೀತು. ಆದರೆ ನೆಲದ ಮೇಲೆ ಬೇರೆ ಮ್ಯುಆನ್‌ಗಳ ಮಳೆಯೇ ಸುರಿಯುತ್ತಿರುತ್ತದೆ. ಸಂತೆಯ ಗದ್ದಲದಲ್ಲಿ ಪಿಸುಮಾತು ಕೇಳಿಸೀತೆ? ಆದುದರಿಂದ ಪಾತಾಳಕ್ಕೆ ಇಳಿಯಬೇಕಾಯಿತು.

ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಿ. ವಿ. ಶ್ರೀಕಂಠನ್ ಅವರು ನಮ್ಮ ನಂಜನಗೂಡಿನವರು. 1951ರಿಂದಲೇ ಅವರು ಈ ಗಣಿಯಲ್ಲಿ ಅಳತೆಗಳನ್ನು ಆರಂಭಿಸಿದ್ದರು. ಮುಂದೆ ಜಪಾನಿನ ಒಸಾಕಾ ನಗರ ವಿಶ್ವವಿದ್ಯಾಲಯದ ಮಿಯಾಕೆ ಅವರು ಭಾರತೀಯರೊಡನೆ ಬೇರೆ ಬೇರೆ ಆಳಗಳಲ್ಲಿ ಮ್ಯುಆನ್‌ಗಳನ್ನು ಎಣಿಸಿದರು. ಅತ್ಯಂತ ಆಳದಲ್ಲಿ ಸುಮಾರು 2 ತಿಂಗಳು ಕಾದರೂ ಒಂದೂ ಕಾಣಲಿಲ್ಲ. ಈ ಶೂನ್ಯವೇ ದೊಡ್ಡ ಫಲ! ಬೇಕಾದ ನಿಶ್ಶಬ್ದ ಅಲ್ಲಿತ್ತು. ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯದ ವುಲ್ಫೆಂಡೇಲ್ ಅವರ ತಂಡ ಕಣದ ಜಾಡು ತೋರುವ ನಿಯಾನ್ ನಳಿಕೆಗಳಲ್ಲಿ ಪರಿಣತಿ ಪಡೆದಿತ್ತು. ಹೀಗೆ ಮೂರು ತಂಡಗಳು ಸೇರಿ ಸುಮಾರು 2300 ಮೀಟರ್ ಆಳದಲ್ಲಿ ಉಪಕರಣವನ್ನು ಹೂಡಿದವು. ಅಷ್ಟು ಆಳಕ್ಕೆ ಮೇಲಿನಿಂದ ಇಳಿಯುವ ಮ್ಯುಆನ್‌ಗಳು ಬಹುಮಟ್ಟಿಗೆ ನೆಟ್ಟಗೆ ಬರುತ್ತವೆ; ಅಡ್ಡಲಾಗಿ ಹಾಯ್ದದ್ದು ನ್ಯೂಟ್ರಿನೋವಿನ ಕುರುಹು.

1965ರ ಆಗಸ್ಟಿನಲ್ಲಿ ಮೂರು ದೇಶದವರ ಹೆಸರುಗಳನ್ನೂ ಹೊತ್ತ ಪ್ರಬಂಧ ಪ್ರಕಟವಾಯಿತು. ದಕ್ಷಿಣ ಆಫ್ರಿಕದ ಗಣಿಯಲ್ಲಿ ರೈನ್ಸ್ ಅವರ ತಂಡ ಫೆಬ್ರವರಿಯಲ್ಲಿಯೇ ಇಂತಹ ಜಾಡು ಕಂಡಿತ್ತು; ಆದರೆ ಮೊದಲು ಅಚ್ಚಾದದ್ದು ಕೋಲಾರದ ವರದಿ. ಮೊದಲಿಗರಾರೆಂಬ ವಾದಕ್ಕಿಂತ, ಎರಡು ಗಣಿಗಳು ಒಂದೇ ಸತ್ಯವನ್ನು ನುಡಿದುದೇ ಹೆಚ್ಚಿನದೆಂದು ನನ್ನ ಭಾವನೆ.

ಯಡಿಯೂರಿನ ತೇರಿನಲ್ಲಿ ಹಗ್ಗ ಹಿಡಿದು ಎಳೆಯುವವರಷ್ಟೇ ಅಲ್ಲ, ಗಾಲಿಗೆ ಮರದ ಅಡ್ಡೆ ಕೊಟ್ಟು ದಾರಿ ತಿದ್ದುವವರೂ ಬೇಕು. ಹಾಗೆಯೇ ವಿಜ್ಞಾನಿಗಳನ್ನು ಆಳಕ್ಕಿಳಿಸಿ, ಗಾಳಿ ಬೆಳಕು ಒದಗಿಸಿದ ಗಣಿಯವರ ಶ್ರಮವೂ ಭಾರತದ ಪಾಲೇ. ಆ ಗಣಿ 2001ರಲ್ಲಿ ಮುಚ್ಚಿತು. 2017ರಲ್ಲಿ ಭಾರತ ಜಿನೀವದ ಸರ್ನ್ ಸಂಸ್ಥೆಯ ಸಹಸದಸ್ಯ ರಾಷ್ಟ್ರವಾಯಿತು. ರಾಷ್ಟ್ರಗಳ ಪಾಲನ್ನು ತೂಗುವಾಗ ತಕ್ಕಡಿಗೆ ಹಣವನ್ನಷ್ಟೇ ಹಾಕದೆ, ವರ್ಷಗಳ ತಾಳ್ಮೆಯನ್ನೂ ಹಾಕಬೇಕು. ಆಗ ನಮ್ಮ ತಟ್ಟೆ ಹಗುರವಾಗದು.